ವಿಮಾನವೋ ಹಡಗೋ? ವಿದೇಶಕ್ಕೆ ಮಾಲು ಕಳಿಸುವವರು ಮಾಡಬೇಕಾದ ಲೆಕ್ಕ, ಹಂತ ಹಂತವಾಗಿ

"ಏರ್‌ಗೆ ಕೆಜಿಗೆ ಎಷ್ಟು, ಹಡಗಿಗೆ ಎಷ್ಟು?" ಮೊದಲ ಸಲ ರಫ್ತು ಮಾಡುವವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಅಗರಬತ್ತಿ ಮಾಡುವವರು, ಕಾಫಿ ಪುಡಿ ಕಳಿಸುವವರು, ರೇಷ್ಮೆ ಸೀರೆ ವ್ಯಾಪಾರದವರು, ಎಲ್ಲರದೂ ಇದೇ ಪ್ರಶ್ನೆ. ಉತ್ತರ ಸಿಕ್ಕ ಮೇಲೂ ಅವರು ಎಡವುತ್ತಾರೆ. ಏಕೆಂದರೆ ವಿಮಾನದವರು ಹೇಳುವ ದರ ಏರ್‌ಪೋರ್ಟಿಂದ ಏರ್‌ಪೋರ್ಟಿಗೆ, ಕೆಜಿ ಲೆಕ್ಕದಲ್ಲಿ. ಹಡಗಿನವರು ಹೇಳುವುದು ಬಂದರಿಂದ ಬಂದರಿಗೆ, ಘನ ಮೀಟರ್ ಲೆಕ್ಕದಲ್ಲಿ. ಇವೆರಡನ್ನು ಪಕ್ಕಪಕ್ಕ ಇಟ್ಟು ತೀರ್ಮಾನ ಮಾಡುವುದು ಬಸ್ ಟಿಕೆಟ್ ದರ ಮಾತ್ರ ನೋಡಿ, ಎರಡು ಕಡೆಯ ಆಟೊ ದುಡ್ಡು ಮರೆತು ಪ್ರಯಾಣದ ಖರ್ಚು ಹೇಳಿದ ಹಾಗೆ.

ಹೋಲಿಸಬೇಕಾದದ್ದು ದರವನ್ನಲ್ಲ. ನಿಮ್ಮ ಗೋದಾಮಿನ ಬಾಗಿಲಿಂದ ಖರೀದಿದಾರರ ಬಾಗಿಲವರೆಗಿನ ಒಟ್ಟು ಖರ್ಚು ಮತ್ತು ಒಟ್ಟು ದಿನಗಳನ್ನು. ಅದಕ್ಕೆ ಕೆಳಗಿನ ಕ್ರಮ ಮುಖ್ಯ. ಮೊದಲು ದರ ಕೇಳಿ, ಆಮೇಲೆ ಪ್ಯಾಕ್ ಮಾಡಿ ಅಳೆದರೆ ಇಡೀ ಲೆಕ್ಕ ಮತ್ತೆ ಮಾಡಬೇಕಾಗುತ್ತದೆ.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದವು

ಒಂದು ಅಳತೆ ಟೇಪು, ಡಿಜಿಟಲ್ ತಕ್ಕಡಿ, ಎಕ್ಸೆಲ್ ಅಥವಾ ಗೂಗಲ್ ಶೀಟ್. ಮಾಲಿನ ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸ್‌ನವರು ವಸ್ತುವನ್ನು ಗುರುತಿಸುವ ಸಂಖ್ಯೆ. ಖರೀದಿದಾರರ ಪೂರ್ತಿ ವಿಳಾಸ, ಪಿನ್‌ಕೋಡ್ ಸಮೇತ. ಬರೀ ಊರಿನ ಹೆಸರು ಇಟ್ಟುಕೊಂಡು ಡೆಲಿವರಿ ಖರ್ಚು ಹೇಳಲು ಯಾರಿಗೂ ಆಗುವುದಿಲ್ಲ.

ಜೊತೆಗೆ ಐಇಸಿ, ಅಂದರೆ ಆಮದು ರಫ್ತು ಮಾಡುವವರಿಗೆ ಸರ್ಕಾರ ಕೊಡುವ ಸಂಖ್ಯೆ. ಐಜಿಎಸ್‌ಟಿ ಕಟ್ಟದೆ ರಫ್ತು ಮಾಡುವುದಾದರೆ ಆ ಹಣಕಾಸು ವರ್ಷದ ಎಲ್‌ಯುಟಿ, ಅಂದರೆ ಜಿಎಸ್‌ಟಿ ಇಲಾಖೆಗೆ ಕೊಡುವ ಮುಚ್ಚಳಿಕೆ. ಬ್ಯಾಂಕಿನ ಎಡಿ ಕೋಡ್, ಅಂದರೆ ರಫ್ತಿನ ಹಣ ಬರುವ ಬ್ಯಾಂಕ್ ಶಾಖೆಯ ಸಂಖ್ಯೆ ಕೂಡ ಬೇಕು. ಒಂದು ವಿಷಯ ಇಲ್ಲೇ ಪರೀಕ್ಷಿಸಿಬಿಡಿ. ಇಲ್ಲಿವರೆಗೆ ಚೆನ್ನೈ ಬಂದರಿಂದ ಕಳಿಸುತ್ತಿದ್ದವರು ಈಗ ಬೆಂಗಳೂರು ಏರ್‌ಪೋರ್ಟಿಂದ ಕಳಿಸುವುದಾದರೆ, ಆ ಜಾಗಕ್ಕೂ ಎಡಿ ಕೋಡ್ ನೋಂದಣಿ ಸರಿಯಾಗಿದೆಯೇ ಎಂದು ನಿಮ್ಮ ಸಿಎಚ್‌ಎ, ಅಂದರೆ ಕಸ್ಟಮ್ಸ್ ಬ್ರೋಕರ್ ಹತ್ತಿರ ಮೊದಲೇ ಕೇಳಿ. ಅವಸರ ಎಂದು ವಿಮಾನ ಹಿಡಿದವರ ಮಾಲು ಇಷ್ಟಕ್ಕೇ ಟರ್ಮಿನಲ್‌ನಲ್ಲಿ ಕೂರುತ್ತದೆ.

## ಹಂತ 1: ಈ ಮಾಲು ವಿಮಾನದಲ್ಲಿ ಹೋಗಬಹುದೇ?

ಹೋಗಲು ಬಿಡದ ವಸ್ತುವಿನ ದರ ಕೇಳಿ ಪ್ರಯೋಜನವಿಲ್ಲ, ಅಲ್ವಾ? ಹಾಗಾಗಿ ಇದು ಮೊದಲ ಹಂತ.

ಲಿಥಿಯಂ ಬ್ಯಾಟರಿ, ಅತ್ತರ್, ಸ್ಯಾನಿಟೈಸರ್, ಸ್ಪ್ರೇ ಕ್ಯಾನ್, ಕೆಲವು ಬಣ್ಣ ಮತ್ತು ಅಂಟು, ಇವೆಲ್ಲ ಅಪಾಯಕಾರಿ ಸರಕಿನ ಲೆಕ್ಕಕ್ಕೆ ಬರುತ್ತವೆ. ದ್ರವದ ಫ್ಲ್ಯಾಷ್ ಪಾಯಿಂಟ್ (ಅದರ ಆವಿ ಬೆಂಕಿ ಹಿಡಿಯುವ ಉಷ್ಣಾಂಶ) 60 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಅದು ಬೆಂಕಿ ಹಿಡಿಯುವ ದ್ರವ. ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು 2016ರ ಏಪ್ರಿಲ್‌ನಿಂದ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಒಯ್ಯುವಂತಿಲ್ಲ. ಕಾರ್ಗೋ ವಿಮಾನದಲ್ಲಿ ಕಳಿಸಬೇಕಾದರೂ ಚಾರ್ಜ್ ಶೇಕಡಾ 30 ಮೀರಬಾರದು ಎಂಬ ನಿಯಮ ಬಂದದ್ದೂ ಆಗಲೇ.

ಅಗರಬತ್ತಿಯಂಥ ಮಾಲಿಗೂ ಏರ್‌ಲೈನ್‌ಗಳು ಎಂಎಸ್‌ಡಿಎಸ್, ಅಂದರೆ ಮಾಲಿನಲ್ಲಿ ಏನಿದೆ, ಎಷ್ಟು ಅಪಾಯ ಎಂದು ಹೇಳುವ ಸುರಕ್ಷತಾ ಪತ್ರ ಕೇಳುವುದುಂಟು. ಅದನ್ನು ತಯಾರಿಟ್ಟುಕೊಳ್ಳಿ. ಅಗರಬತ್ತಿ ಡಬ್ಬದೊಳಗೆ ನಾಲ್ಕು ಬಾಟಲಿ ಸುಗಂಧ ತೈಲ ಸೇರಿಸಿ, ಇನ್‌ವಾಯ್ಸ್‌ನಲ್ಲಿ ಬರೆಯದೆ ಕಳಿಸುವ ಚಾಳಿ ಬೇಡವೇ ಬೇಡ. ಎಕ್ಸ್‌ರೇಯಲ್ಲಿ ಸಿಕ್ಕರೆ ಇಡೀ ಶಿಪ್‌ಮೆಂಟ್ ನಿಲ್ಲುತ್ತದೆ. ಸಿಗದೆ ಹೋದರೆ ಇನ್ನೂ ಕೆಟ್ಟದ್ದು, ಅದು ಹಾರುತ್ತಿರುವ ವಿಮಾನ.

ಹಡಗಿನಲ್ಲೂ ಅಪಾಯಕಾರಿ ಸರಕಿಗೆ ನಿಯಮಗಳಿವೆ. ಆದರೆ ವಿಮಾನಕ್ಕೆ ಬೇಡವಾದ ಎಷ್ಟೋ ವಸ್ತುಗಳನ್ನು ಸರಿಯಾಗಿ ಘೋಷಿಸಿ, ಸರಿಯಾಗಿ ಪ್ಯಾಕ್ ಮಾಡಿ ಹಡಗಿನಲ್ಲಿ ಕಳಿಸಬಹುದು.

ಇನ್ನೊಂದು ತುದಿಯಲ್ಲಿ ಸಮುದ್ರ ತಾಳದ ಮಾಲುಗಳಿವೆ. ಬೆಂಗಳೂರಿನ ಸುತ್ತಮುತ್ತ ಬೆಳೆಯುವ ಗುಲಾಬಿ ಹೂವು ವ್ಯಾಲೆಂಟೈನ್ ದಿನಕ್ಕೆ ವಿದೇಶಕ್ಕೆ ಹೋಗುವುದು ವಿಮಾನದಲ್ಲೇ. ಅದಕ್ಕೆ ಈ ಲೇಖನದ ಲೆಕ್ಕವೇ ಬೇಕಿಲ್ಲ. ಹಾಗೆಯೇ ವಿನೆಗರ್‌ನಲ್ಲಿ ಹಾಕಿ ಡ್ರಮ್‌ಗೆ ತುಂಬಿದ ಗರ್ಕಿನ್ ಸೌತೆಯನ್ನು ವಿಮಾನಕ್ಕೆ ಹಾಕುವ ಯೋಚನೆ ಯಾರೂ ಮಾಡುವುದಿಲ್ಲ. ನಿಜವಾದ ಹೋಲಿಕೆ ಬೇಕಾಗುವುದು ಇವೆರಡರ ನಡುವೆ ಇರುವವರಿಗೆ.

## ಹಂತ 2: ಪ್ಯಾಕ್ ಮಾಡಿ, ಆಮೇಲೆ ಅಳೆಯಿರಿ

ಅಂದಾಜು ಬೇಡ. ನಿಜವಾಗಿ ಹೋಗುವ ಡಬ್ಬವನ್ನೇ ತುಂಬಿ, ಟೇಪ್ ಅಂಟಿಸಿ, ಹೊರಗಿನಿಂದ ಅಳೆಯಿರಿ. ಡಬ್ಬದ ಹೊಟ್ಟೆ ಉಬ್ಬಿದ್ದರೆ ಉಬ್ಬಿದ ಜಾಗದಲ್ಲೇ ಅಳತೆ ಹಿಡಿಯಿರಿ, ಟರ್ಮಿನಲ್‌ನಲ್ಲಿ ಅವರು ಅಳೆಯುವುದೂ ಅಲ್ಲೇ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ, ತೂಕ ಕೆಜಿಯಲ್ಲಿ. ಡಬ್ಬ ತಯಾರಕರು ಹೇಳುವ ಒಳಗಿನ ಅಳತೆಯನ್ನು ಬರೆದುಕೊಂಡು ಕೂರುವುದು ದೊಡ್ಡ ತಪ್ಪು.

ಮುಂದಿನ ಎಲ್ಲ ಹಂತಗಳಿಗೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನಿಂದ ಜರ್ಮನಿಯ ಹ್ಯಾಂಬರ್ಗ್‌ಗೆ 60 ಡಬ್ಬ ಅಗರಬತ್ತಿ. ಡಬ್ಬದ ಅಳತೆ 50 × 40 × 40 ಸೆಂ.ಮೀ., ತೂಕ 12 ಕೆಜಿ. ಒಟ್ಟು ತೂಕ 720 ಕೆಜಿ. ಒಂದು ಡಬ್ಬ 0.08 ಘನ ಮೀಟರ್, ಅಂದರೆ ಒಟ್ಟು 4.8 ಘನ ಮೀಟರ್ (ಸಿಬಿಎಂ).

ಈಗ ಡಬ್ಬ ತೆರೆದು ನೋಡಿ. ಮೇಲ್ಭಾಗದಲ್ಲಿ ಖಾಲಿ ಜಾಗ ಇದೆಯೇ? ಹಾಗಿದ್ದರೆ 35 ಸೆಂ.ಮೀ. ಎತ್ತರದ ಡಬ್ಬ ಮಾಡಿಸಿ. ಆಗ ಒಂದು ಡಬ್ಬ 0.07, ಒಟ್ಟು 4.2 ಸಿಬಿಎಂ. ಐದು ಸೆಂಟಿಮೀಟರ್ ಕತ್ತರಿಸಿದ್ದಕ್ಕೆ ಎಷ್ಟು ಉಳಿಯುತ್ತದೆ ಎಂದು ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಪ್ಯಾಲೆಟ್, ಅಂದರೆ ಡಬ್ಬ ಪೇರಿಸುವ ಅಡಿ ಹಲಗೆ, ಅದರ ವಿಷಯದಲ್ಲಿ ಜಾಗ್ರತೆ. 120 × 100 ಸೆಂ.ಮೀ. ಪ್ಯಾಲೆಟ್ ಮೇಲೆ ಈ ಡಬ್ಬಗಳು ಸಾಲಿಗೆ ಆರು ಕೂರುತ್ತವೆ. 35 ಸೆಂ.ಮೀ. ಡಬ್ಬವಾದರೆ ನಾಲ್ಕು ಸಾಲು ಪೇರಿಸಿ, ಪ್ಯಾಲೆಟ್‌ನ 15 ಸೆಂ.ಮೀ. ಸೇರಿಸಿದರೆ ಎತ್ತರ 155. ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ ಸಾಮಾನ್ಯವಾಗಿ 160 ಸೆಂ.ಮೀ. ಎತ್ತರದವರೆಗೆ ಒಪ್ಪುತ್ತಾರೆ. ಅಂದರೆ ಇದು ಹಿಡಿಯುತ್ತದೆ. 40 ಸೆಂ.ಮೀ. ಡಬ್ಬವಾಗಿದ್ದರೆ ಎತ್ತರ 175 ಆಗುತ್ತಿತ್ತು. ಒಂದು ಸಾಲು ಕಡಿಮೆ ಮಾಡಬೇಕು, ಇಲ್ಲವೇ ಕಾರ್ಗೋ ವಿಮಾನಕ್ಕೆ ಕಾಯಬೇಕು.

ಆದರೆ ಪ್ಯಾಲೆಟ್ ಹಾಕಿದ ಮಾತ್ರಕ್ಕೇ ಅಳತೆ ಬೆಳೆಯುತ್ತದೆ. ನಮ್ಮ 4.2 ಸಿಬಿಎಂ ಮಾಲು ಎರಡು ಪೂರ್ತಿ ಪ್ಯಾಲೆಟ್, ಒಂದು ಅರ್ಧ ಪ್ಯಾಲೆಟ್ ಆದ ಮೇಲೆ 4.74 ಸಿಬಿಎಂ. ಹಾಗಾಗಿ ಪ್ಯಾಲೆಟ್ ನಿಜವಾಗಿ ಬೇಕೇ ಎಂದು ಖರೀದಿದಾರರನ್ನು ಕೇಳಿ. ಬೇಕೆಂದರೆ ಮರದ ಪ್ಯಾಲೆಟ್ ಮೇಲೆ ಐಎಸ್‌ಪಿಎಂ-15 ಮುದ್ರೆ, ಅಂದರೆ ಕೀಟ ಇಲ್ಲದಂತೆ ಮರವನ್ನು ಸಂಸ್ಕರಿಸಿದ ಗುರುತು ಇರಲೇಬೇಕು. ಮುದ್ರೆ ಇಲ್ಲದ ಮರ ಆ ಕಡೆಯ ಬಂದರಿನಲ್ಲಿ ಸಿಕ್ಕಿಬಿದ್ದರೆ ಮಾಲೇ ವಾಪಸ್ ಬರಬಹುದು.

## ಹಂತ 3: ಯಾವ ತೂಕಕ್ಕೆ ದುಡ್ಡು?

ವಿಮಾನದವರು ನಿಜವಾದ ತೂಕ ಮತ್ತು ಅಳತೆಯ ತೂಕ ಎರಡನ್ನೂ ನೋಡಿ, ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು ಕೇಳುತ್ತಾರೆ. ಇದು ಚಾರ್ಜಬಲ್ ವೇಟ್. ಉದ್ದ × ಅಗಲ × ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 6000ದಿಂದ ಭಾಗಿಸಿ. ಒಂದು ಸಿಬಿಎಂ ಅಂದರೆ ಸುಮಾರು 167 ಕೆಜಿ. ಕೊರಿಯರ್ ಕಂಪನಿಗಳಲ್ಲಿ ಭಾಜಕ ಸಾಮಾನ್ಯವಾಗಿ 5000, ಅಂದರೆ ಅದೇ ಡಬ್ಬ ಅಲ್ಲಿ ಇನ್ನೂ ಭಾರ.

ನಮ್ಮ ಹಳೆಯ ಡಬ್ಬ 80,000 ಭಾಗಿಸು 6000, ಅಂದರೆ 13.33 ಕೆಜಿ. ಅರವತ್ತಕ್ಕೆ 800 ಕೆಜಿ. ನಿಜ ತೂಕ 720 ಇದ್ದರೂ ಬಿಲ್ 800ಕ್ಕೆ. ಹೊಸ ಡಬ್ಬಕ್ಕೆ ಅಳತೆಯ ತೂಕ 700, ನಿಜ ತೂಕ 720, ಹಾಗಾಗಿ ಬಿಲ್ 720ಕ್ಕೆ. ಬರೀ ಗಾಳಿಗೆ ಕಟ್ಟುತ್ತಿದ್ದ 80 ಕೆಜಿ ದುಡ್ಡು ಉಳಿಯಿತು. ಪ್ಯಾಲೆಟ್ ಹಾಕಿದರೆ ಅದೇ ಮಾಲು 790 ಕೆಜಿಗೆ ಏರುತ್ತದೆ, ಉಳಿಸಿದ್ದು ಬಹುಪಾಲು ಹೋಯಿತು.

ಹಡಗಿನಲ್ಲಿ, ಬೇರೆಯವರ ಮಾಲಿನ ಜೊತೆ ಕಂಟೇನರ್ ಹಂಚಿಕೊಳ್ಳುವ ಎಲ್‌ಸಿಎಲ್‌ನಲ್ಲಿ, ಲೆಕ್ಕ ಬೇರೆ. ಅಲ್ಲಿ ಒಂದು ಸಿಬಿಎಂ ಒಂದು ಟನ್‌ಗೆ ಸಮ. ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನಮ್ಮ ಮಾಲು 0.72 ಟನ್, 4.2 ಸಿಬಿಎಂ, ಹಾಗಾಗಿ 4.2ಕ್ಕೆ ಬಿಲ್. ಸಾಮಾನ್ಯವಾಗಿ ಕನಿಷ್ಠ ಒಂದು ಸಿಬಿಎಂಗಾದರೂ ಕಟ್ಟಲೇಬೇಕು, ಅರ್ಧ ಸಿಬಿಎಂ ಕಳಿಸಿದರೂ ಅಷ್ಟೇ.

ಇಲ್ಲಿಂದ ಒಂದು ಸೂಚನೆ ಸಿಗುತ್ತದೆ. ಹತ್ತಿಯಂತೆ ಹಗುರ, ಜಾಗ ಜಾಸ್ತಿ ತಿನ್ನುವ ಮಾಲಿಗೆ ವಿಮಾನ ದುಬಾರಿ. ಸಣ್ಣ ಡಬ್ಬದಲ್ಲಿ ಭಾರ, ಬೆಲೆಯೂ ಜಾಸ್ತಿ ಇರುವ ಮಾಲು ವಿಮಾನಕ್ಕೆ ಹೊಂದುತ್ತದೆ.

ವಿಮಾನದ ದರಪಟ್ಟಿಯಲ್ಲಿ 45, 100, 300, 500, 1000 ಕೆಜಿ ಎಂದು ಮೆಟ್ಟಿಲುಗಳಿರುತ್ತವೆ. ಮೆಟ್ಟಿಲು ಏರಿದಂತೆ ಕೆಜಿ ದರ ಇಳಿಯುತ್ತದೆ. ನಿಮ್ಮದು 270 ಕೆಜಿ ಇದೆ, 100ರ ಮೆಟ್ಟಿಲಲ್ಲಿ ಕೆಜಿಗೆ 280 ರೂಪಾಯಿ, 300ರ ಮೆಟ್ಟಿಲಲ್ಲಿ 240 ಎಂದು ಇಟ್ಟುಕೊಳ್ಳಿ. 270ಕ್ಕೆ ಕಟ್ಟಿದರೆ 75,600. 300 ಕೆಜಿ ಎಂದೇ ಬಿಲ್ ಮಾಡಿಸಿದರೆ 72,000. ಕೇಳಿದರೆ ಮಾಡಿಕೊಡುತ್ತಾರೆ, ಕೇಳದಿದ್ದರೆ ಎಲ್ಲರೂ ಮಾಡಿಕೊಡುವುದಿಲ್ಲ.

ಹಡಗಿನಲ್ಲಿ 13ರಿಂದ 15 ಸಿಬಿಎಂ ಹತ್ತಿರ ಬಂದಾಗ ಪೂರ್ತಿ 20 ಅಡಿ ಕಂಟೇನರ್, ಅಂದರೆ ಎಫ್‌ಸಿಎಲ್ ದರವನ್ನೂ ಕೇಳಿ. ಅದರ ಒಳಗೆ ಲೆಕ್ಕಕ್ಕೆ ಸುಮಾರು 33 ಸಿಬಿಎಂ ಜಾಗ. ಡಬ್ಬ ಪೇರಿಸುವಾಗ 25ರಿಂದ 28 ತುಂಬಿದರೆ ಚೆನ್ನಾಗಿ ತುಂಬಿದಂತೆ. ಅರ್ಧ ಖಾಲಿ ಹೋದರೂ ಎಷ್ಟೋ ಸಲ ಎಲ್‌ಸಿಎಲ್‌ಗಿಂತ ಅಗ್ಗ, ಬೇರೆಯವರ ಮಾಲಿಗೆ ಕಾಯುವುದೂ ಇಲ್ಲ.

## ಹಂತ 4: ಎಲ್ಲಿವರೆಗೆ ನಿಮ್ಮ ಖರ್ಚು?

ಒಪ್ಪಂದದಲ್ಲಿ ಯಾವ ಇನ್‌ಕೋಟರ್ಮ್, ಅಂದರೆ ಖರ್ಚು ಮತ್ತು ಜವಾಬ್ದಾರಿ ಎಲ್ಲಿವರೆಗೆ ಮಾರುವವರದು ಎಂದು ಹೇಳುವ ಅಂತರರಾಷ್ಟ್ರೀಯ ಸಂಕೇತ ಇದೆ ನೋಡಿ. ಎಫ್‌ಓಬಿ (ಹಡಗಿಗೆ ಏರಿಸುವವರೆಗೆ), ಸಿಎಫ್‌ಆರ್ (ಆ ಕಡೆಯ ಬಂದರಿನವರೆಗಿನ ಸಾಗಣೆಯೂ ಸೇರಿ), ಸಿಐಎಫ್ (ಅದರ ಜೊತೆ ವಿಮೆಯೂ) ಇವು ಸಮುದ್ರ ದಾರಿಗೆ ಮಾತ್ರ ಮಾಡಿದವು. "ಎಫ್‌ಓಬಿ ಬೆಂಗಳೂರು ಏರ್‌ಪೋರ್ಟ್" ಎಂದು ಬರೆಯುವವರು ಬೇಕಾದಷ್ಟು ಜನ, ಆದರೆ ಜಗಳ ಬಂದಾಗ ಅದಕ್ಕೆ ಸ್ಪಷ್ಟ ಅರ್ಥ ಇರುವುದಿಲ್ಲ. ವಿಮಾನಕ್ಕೆ ಎಫ್‌ಸಿಎ (ಸಾಗಿಸುವವರ ಕೈಗೆ ಕೊಡುವವರೆಗೆ), ಸಿಪಿಟಿ (ಸಾಗಣೆಯೂ ಸೇರಿ), ಸಿಐಪಿ (ಸಾಗಣೆ, ವಿಮೆ ಎರಡೂ ಸೇರಿ) ಬಳಸಿ. ಡಿಎಪಿ (ಖರೀದಿದಾರರ ಜಾಗದವರೆಗೆ), ಡಿಡಿಪಿ (ಅದರ ಜೊತೆ ಸುಂಕವೂ) ಎರಡೂ ದಾರಿಗೆ ನಡೆಯುತ್ತವೆ.

ನಿಮ್ಮ ಜವಾಬ್ದಾರಿ ಬಂದರಲ್ಲೇ ಮುಗಿದರೂ ಆ ಕಡೆಯ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ನೀವು ಅಗ್ಗದ ದಾರಿ ಹಿಡಿದು, ಅದರ ಹೊರೆ ಖರೀದಿದಾರರ ತಲೆಗೆ ಬಿದ್ದರೆ ಅವರು ಎರಡನೇ ಆರ್ಡರ್ ಕೊಡುವುದಿಲ್ಲ.

ಡಿಡಿಪಿಗೆ ಸುಮ್ನೆ ಒಪ್ಪಿಕೊಳ್ಳಬೇಡಿ. ಆ ದೇಶದ ಸುಂಕ, ತೆರಿಗೆ ಎಲ್ಲ ನಿಮ್ಮ ಮೇಲೆ ಬರುತ್ತದೆ.

## ಹಂತ 5: ದಿನಗಳನ್ನು ಬಾಗಿಲಿಂದ ಎಣಿಸಿ

"ಏರ್ ಅಂದರೆ ಎರಡು ದಿನ" ಎಂಬುದು ಹಾರಾಟದ ಲೆಕ್ಕ. ಮಾಲು ಎತ್ತಿಕೊಳ್ಳುವುದು, ಕಸ್ಟಮ್ಸ್, ಸ್ಕ್ರೀನಿಂಗ್, ವಿಮಾನದಲ್ಲಿ ಜಾಗ ಸಿಗುವುದು, ನಡುವೆ ಇನ್ನೊಂದು ಏರ್‌ಪೋರ್ಟಲ್ಲಿ ಬದಲಾವಣೆ, ಆ ಕಡೆಯ ಕಸ್ಟಮ್ಸ್, ಡೆಲಿವರಿ ಎಲ್ಲ ಸೇರಿದರೆ ವಾರ, ಹತ್ತು ದಿನ ಹಿಡಿಯುತ್ತದೆ.

ಹಡಗಿಗೆ ಹೀಗೆ ಬರೆದುಕೊಳ್ಳಿ: ಗೋದಾಮಿನಿಂದ ಬಂದರಿಗೆ, ಕಟ್‌ಆಫ್‌ಗಿಂತ (ಬಂದರಿಗೆ ಮಾಲು ಒಪ್ಪಿಸುವ ಕೊನೆಯ ಗಡುವು) ಮುಂಚೆ ಕಾಯುವ ದಿನ, ಎಲ್‌ಸಿಎಲ್ ಆದರೆ ಕಂಟೇನರ್ ತುಂಬುವವರೆಗೆ, ಸಮುದ್ರದ ಮೇಲೆ, ಕೊಲಂಬೊದಂಥ ಕಡೆ ಹಡಗು ಬದಲಾಗುವುದಾದರೆ ಅಲ್ಲಿ, ಆ ಕಡೆ ಕಂಟೇನರ್ ಬಿಚ್ಚಿ ಮಾಲು ಬೇರ್ಪಡಿಸುವುದು, ಕಸ್ಟಮ್ಸ್, ಡೆಲಿವರಿ. ಫಾರ್ವರ್ಡರ್, ಅಂದರೆ ನಿಮ್ಮ ಪರವಾಗಿ ಸಾಗಣೆ ಏರ್ಪಾಡು ಮಾಡುವವರು ಹೇಳುವ ಟ್ರಾನ್ಸಿಟ್ ಟೈಮ್ ಇದರಲ್ಲಿ ಸಮುದ್ರದ ಮೇಲಿನ ಭಾಗ ಮಾತ್ರ.

ನಮ್ಮ ಕಡೆಯ ದಾರಿಯನ್ನೂ ನೋಡಬೇಕು. ಬೆಂಗಳೂರು, ಮೈಸೂರಿನ ಮಾಲು ಚೆನ್ನೈಗೆ ರಸ್ತೆಯಲ್ಲಿ ಹೋಗಬಹುದು, ವೈಟ್‌ಫೀಲ್ಡ್ ಐಸಿಡಿಯಲ್ಲಿ (ಒಳನಾಡಿನ ಕಂಟೇನರ್ ಡಿಪೋ) ಕಸ್ಟಮ್ಸ್ ಮುಗಿಸಿ ರೈಲಿನಲ್ಲಿ ಹೋಗಬಹುದು, ಪಣಂಬೂರಿನ ನವಮಂಗಳೂರು ಬಂದರಿಗೂ ಹೋಗಬಹುದು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಲಾರಿಗಳು ನಿಲ್ಲುವುದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು ದಾರಿಗೆ ಎರಡು ಮೂರು ದಿನ ಕೈಯಲ್ಲಿ ಇಟ್ಟುಕೊಂಡೇ ಲಾರಿ ಹೊರಡಿಸಿ.

ಯುರೋಪಿಗೆ ಕಳಿಸುವವರು ಹಡಗು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಕೇಳಲೇಬೇಕು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಎಷ್ಟೋ ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ದಕ್ಷಿಣ ಆಫ್ರಿಕಾ ಸುತ್ತಿಕೊಂಡು ಹೋಗತೊಡಗಿದವು. ಅದಕ್ಕೆ ಸುಮಾರು 10ರಿಂದ 14 ದಿನ ಹೆಚ್ಚು. ಹಳೆಯ ವೇಳಾಪಟ್ಟಿ ನೋಡಿ ಖರೀದಿದಾರರಿಗೆ ಮಾತು ಕೊಡಬೇಡಿ.

ತಿಂಡಿ, ಉಪ್ಪಿನಕಾಯಿ, ಚಟ್ನಿಪುಡಿಯವರಿಗೆ ಇನ್ನೊಂದು ಮಾತು. ಮಾಲು ತಲುಪಿದಾಗ ಶೆಲ್ಫ್ ಲೈಫ್ ಇಷ್ಟು ಉಳಿದಿರಬೇಕು ಎಂದು ಖರೀದಿದಾರರು ಷರತ್ತು ಹಾಕುತ್ತಾರೆ. ಆರು ತಿಂಗಳ ಮಾಲಿನಲ್ಲಿ ಎರಡು ತಿಂಗಳು ಹಡಗೇ ತಿಂದರೆ ಅಂಗಡಿಯವರಿಗೆ ಮಾರಲು ಉಳಿಯುವುದು ಎಷ್ಟು?

## ಹಂತ 6: ಎಲ್ಲರಿಗೂ ಒಂದೇ ಪ್ರಶ್ನೆ ಕಳಿಸಿ

ಕನಿಷ್ಠ ಮೂವರು ಫಾರ್ವರ್ಡರ್‌ಗಳಿಗೆ ಒಂದೇ ಮೇಲ್. ಫೋನಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಂಡು ದರ ಹೇಳುತ್ತಾರೆ. ಮೇಲ್ ಹೀಗಿರಲಿ:

"ಮಾಲು: ಅಗರಬತ್ತಿ, ಎಚ್‌ಎಸ್ ಕೋಡ್ ಇಷ್ಟು. 60 ಡಬ್ಬ, ಪ್ರತಿಯೊಂದೂ 50 × 40 × 35 ಸೆಂ.ಮೀ., 12 ಕೆಜಿ. ಒಂದರ ಮೇಲೊಂದು ಪೇರಿಸಬಹುದು. ಪ್ಯಾಲೆಟ್ ಇಲ್ಲ. ಮೈಸೂರಿನ ಈ ಪಿನ್‌ಕೋಡಿನಿಂದ ಹ್ಯಾಂಬರ್ಗ್‌ನ ಈ ಪಿನ್‌ಕೋಡಿಗೆ. ಮಾಲು ತಯಾರಾಗುವ ದಿನ ಇದು. ಬೆಲೆ ಇಷ್ಟು. ಏರ್ ಮತ್ತು ಎಲ್‌ಸಿಎಲ್ ಎರಡಕ್ಕೂ, ಈ ಕಡೆಯ ಖರ್ಚು, ಫ್ರೈಟ್, ಆ ಕಡೆಯ ಖರ್ಚು ಬೇರೆ ಬೇರೆಯಾಗಿ ಬರೆದು ಕಳಿಸಿ. ಜಿಎಸ್‌ಟಿ ಸೇರಿದೆಯೋ ಇಲ್ಲವೋ ಹೇಳಿ. ದರ ಯಾವ ದಿನದವರೆಗೆ ನಡೆಯುತ್ತದೆ, ಯಾವ ಏರ್‌ಲೈನ್ ಅಥವಾ ಶಿಪ್ಪಿಂಗ್ ಲೈನ್, ನೇರವೋ ನಡುವೆ ಬದಲಾವಣೆಯೋ ತಿಳಿಸಿ."

ಆ "ಬೇರೆ ಬೇರೆಯಾಗಿ" ಎಂಬ ಮಾತನ್ನು ಬಿಡಬೇಡಿ.

## ಹಂತ 7: ಕೊಟೇಶನ್ ಬಿಡಿಸಿ ಓದಿ

ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು, ಹಾಗಾಗಿ ನಿಧಾನವಾಗಿ ನೋಡೋಣ. ಕೆಳಗಿನ ಮೊತ್ತಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು, ಮಾರುಕಟ್ಟೆ ದರ ಅಲ್ಲ. ನಿಮ್ಮ ಕೊಟೇಶನ್‌ನ ಅಂಕಿಗಳನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ.

ವಿಮಾನ: 720 ಕೆಜಿ, ಇಂಧನ ಮತ್ತು ಸೆಕ್ಯುರಿಟಿ ಸರ್‌ಚಾರ್ಜ್ ಸೇರಿ ಕೆಜಿಗೆ 220 ರೂಪಾಯಿ, ಅಂದರೆ 1,58,400. ಈ ಕಡೆಯ ಲಾರಿ, ಸಿಎಚ್‌ಎ, ಟರ್ಮಿನಲ್ ಖರ್ಚು 20,000. ಆ ಕಡೆಯದು 30,000. ಒಟ್ಟು 2,08,400.

ಹಡಗು: 4.2 ಸಿಬಿಎಂಗೆ ತಲಾ 4,000, ಅಂದರೆ 16,800. ಈ ಕಡೆ ಚೆನ್ನೈವರೆಗಿನ ಲಾರಿ, ಸಿಎಫ್‌ಎಸ್ (ಕಂಟೇನರ್ ತುಂಬುವ, ಬಿಚ್ಚುವ ಗೋದಾಮು), ಸಿಎಚ್‌ಎ, ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಸಾಗಣೆ ಪತ್ರ) ಖರ್ಚು 28,000. ಆ ಕಡೆಯ ಸಿಎಫ್‌ಎಸ್, ಡೆಲಿವರಿ ಆರ್ಡರ್ (ಮಾಲು ಬಿಡಲು ಕೊಡುವ ಪತ್ರ), ಕಸ್ಟಮ್ಸ್, ಲಾರಿ 50,000. ಒಟ್ಟು 94,800.

ಬರೀ ಫ್ರೈಟ್, ಅಂದರೆ ವಿಮಾನ ಅಥವಾ ಹಡಗಿನ ಬಾಡಿಗೆ ಮಾತ್ರ ನೋಡಿದವರಿಗೆ ವಿಮಾನ ಒಂಬತ್ತು ಪಟ್ಟಿಗಿಂತ ಹೆಚ್ಚು ದುಬಾರಿ. ಬಾಗಿಲಿಂದ ಬಾಗಿಲಿಗೆ ನೋಡಿದರೆ ಎರಡು ಪಟ್ಟು ಚಿಲ್ಲರೆ. ಹಡಗಿನ ಒಟ್ಟು ಖರ್ಚಿನಲ್ಲಿ ಸಮುದ್ರದ ಮೇಲಿನ ಖರ್ಚು ಐದನೇ ಒಂದು ಭಾಗವೂ ಇಲ್ಲ! ಎಲ್‌ಸಿಎಲ್‌ನಲ್ಲಿ ದುಡ್ಡು ಹೋಗುವುದು ನೆಲದ ಮೇಲೆ. ಮಾಲು ಚಿಕ್ಕದಾದಷ್ಟೂ ಇದು ಜೋರು, ಏಕೆಂದರೆ ಡೆಲಿವರಿ ಆರ್ಡರ್, ಡಾಕ್ಯುಮೆಂಟ್ ಖರ್ಚುಗಳು ಒಂದು ಸಿಬಿಎಂ ಇದ್ದರೂ ಹತ್ತಿದ್ದರೂ ಹೆಚ್ಚುಕಡಿಮೆ ಅಷ್ಟೇ.

ಎಚ್ಚರಿಕೆಯ ಸೂಚನೆಗಳು ಇವು. ಎಲ್‌ಸಿಎಲ್ ಫ್ರೈಟ್ ಸೊನ್ನೆ ಅಥವಾ ನಂಬಲಾಗದಷ್ಟು ಕಡಿಮೆ ಇದೆಯೇ? ಬಿಟ್ಟುಕೊಟ್ಟದ್ದನ್ನು ಆ ಕಡೆ ಖರೀದಿದಾರರಿಂದ ವಸೂಲಿ ಮಾಡುತ್ತಾರೆ. "ಆಲ್ ಇನ್" ಎಂದು ಒಂದೇ ಸಾಲು ಬರೆದು, ಏನೇನು ಸೇರಿದೆ ಎಂದರೆ ಉತ್ತರ ಇಲ್ಲವೇ? ಬಿಡಿ. "ಆ ಕಡೆಯ ಖರ್ಚು ವಾಸ್ತವಕ್ಕೆ ತಕ್ಕಂತೆ" ಎಂದು ಬರೆದಿದ್ದಾರೆಯೇ? ಅವರ ಅಲ್ಲಿನ ಏಜೆಂಟರ ದರಪಟ್ಟಿ ಕೇಳಿ. ಡಬ್ಬದ ಅಳತೆ, ಎಚ್‌ಎಸ್ ಕೋಡ್, ಒಳಗೆ ಬ್ಯಾಟರಿ ಅಥವಾ ದ್ರವ ಇದೆಯೇ ಎಂದು ಒಂದನ್ನೂ ಕೇಳದೆ ಐದು ನಿಮಿಷದಲ್ಲಿ ದರ ಹೇಳುವವರ ದರ ಬಿಲ್ ಬರುವ ಹೊತ್ತಿಗೆ ಬದಲಾಗಿರುತ್ತದೆ.

ಪೂರ್ತಿ ಕಂಟೇನರ್ ಆದರೆ ಫ್ರೀ ಡೇಸ್, ಅಂದರೆ ಕಂಟೇನರನ್ನು ಹೆಚ್ಚುವರಿ ದುಡ್ಡಿಲ್ಲದೆ ಇಟ್ಟುಕೊಳ್ಳಬಹುದಾದ ದಿನಗಳು ಎಷ್ಟು ಎಂದು ಬರೆಸಿಕೊಳ್ಳಿ. ಅದು ಮುಗಿದ ಮೇಲೆ ಬಂದರಿನೊಳಗೆ ಡೆಮರೇಜ್, ಹೊರಗೆ ಡಿಟೆನ್ಶನ್ ಎಂಬ ತಡದ ಶುಲ್ಕ ದಿನದಿನಕ್ಕೂ ಏರುತ್ತದೆ.

## ಹಂತ 8: ದಾರಿಯಲ್ಲಿ ಸಿಕ್ಕಿಕೊಂಡ ದುಡ್ಡಿಗೂ ಬೆಲೆ ಕಟ್ಟಿ

ಹಡಗಿನಲ್ಲಿ ಮಾಲು ಇರುವಷ್ಟು ದಿನ ನಿಮ್ಮ ಅಥವಾ ಖರೀದಿದಾರರ ದುಡ್ಡೂ ಅಲ್ಲೇ ಇರುತ್ತದೆ. ಮಾಲಿನ ಬೆಲೆ × ವರ್ಷದ ಬಡ್ಡಿ × ವ್ಯತ್ಯಾಸದ ದಿನ ÷ 365. ಇಷ್ಟೇ ಸೂತ್ರ.

ವಿಮಾನಕ್ಕೆ ಒಟ್ಟು 10 ದಿನ, ಹಡಗಿಗೆ 50 ದಿನ, ಬಡ್ಡಿ ಶೇಕಡಾ 12 ಎಂದು ಇಟ್ಟುಕೊಳ್ಳೋಣ. ಅಗರಬತ್ತಿ ಬೆಲೆ 4 ಲಕ್ಷವಾದರೆ 40 ದಿನದ ಬಡ್ಡಿ ಸುಮಾರು 5,260. ಹಡಗಿನ ಒಟ್ಟು 1,00,060 ಹತ್ತಿರ ನಿಲ್ಲುತ್ತದೆ, ಅಂದರೆ ಲಕ್ಷ ರೂಪಾಯಿ ಆಸುಪಾಸು. ವಿಮಾನದ ಅರ್ಧಕ್ಕಿಂತ ಕಡಿಮೆ. ಅಗರಬತ್ತಿಗೆ ಹಡಗೇ ಸರಿ.

ಈಗ ಅದೇ 60 ಡಬ್ಬದಲ್ಲಿ, ಅದೇ ತೂಕಕ್ಕೆ, ಒಂದೊಂದಕ್ಕೂ ಪೆಟ್ಟಿಗೆ ಇರುವ ರೇಷ್ಮೆ ಸೀರೆಗಳಿವೆ, ಬೆಲೆ ಒಂದು ಕೋಟಿ ಎಂದುಕೊಳ್ಳಿ. ಬಡ್ಡಿಯೇ 1,31,500. ಹಡಗಿನ ಒಟ್ಟು 2,26,300, ವಿಮಾನ 2,08,400. ಡಬ್ಬ ಅದೇ, ತೂಕ ಅದೇ, ದಾರಿ ಅದೇ, ತೀರ್ಮಾನ ಮಾತ್ರ ಉಲ್ಟಾ. ಈ ಅಂಕಿಗಳಲ್ಲಿ ಸುಮಾರು 86 ಲಕ್ಷಕ್ಕಿಂತ ಬೆಲೆಬಾಳುವ ಮಾಲಿಗೆ ವಿಮಾನವೇ ಅಗ್ಗ. "ಹಡಗು ಯಾವಾಗಲೂ ಅಗ್ಗ" ಎಂದು ಯಾರಾದರೂ ಹೇಳಿದರೆ, ಯಾವ ಬೆಲೆಯ ಮಾಲಿಗೆ ಎಂದು ಕೇಳಿ.

ಹಬ್ಬದ ಮಾಲಿಗೆ ಬಡ್ಡಿಯ ಲೆಕ್ಕ ಸಾಲದು. ದೀಪಾವಳಿಗೆಂದು ಕಳಿಸಿದ್ದು ದೀಪಾವಳಿ ಮುಗಿದ ಮೇಲೆ ತಲುಪಿದರೆ ಎಷ್ಟು ಬೆಲೆ ಇಳಿಸಿ ಮಾರಬೇಕಾಗುತ್ತದೆ ಎಂದು ಖರೀದಿದಾರರನ್ನೇ ಕೇಳಿ ಬರೆದುಕೊಳ್ಳಿ.

## ಹಂತ 9: ವಿಮೆ ಮತ್ತು ಕಾಗದಪತ್ರ

ವಿಮಾನದಲ್ಲಿ ಮಾಲು ಕಳೆದರೆ ಏರ್‌ಲೈನ್ ಪೂರ್ತಿ ಬೆಲೆ ಕೊಡುತ್ತದೆ ಎಂದು ನಂಬಿರುವವರಿದ್ದಾರೆ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಮಿತಿ ಕೆಜಿಗೆ 26 ಎಸ್‌ಡಿಆರ್, 2024ರ ಡಿಸೆಂಬರ್ 28ರಿಂದ. ಎಸ್‌ಡಿಆರ್ ಅಂದರೆ ಐಎಂಎಫ್‌ನ ಲೆಕ್ಕದ ಘಟಕ. ನಮ್ಮ 12 ಕೆಜಿ ಸೀರೆ ಡಬ್ಬಕ್ಕೆ ಹೆಚ್ಚೆಂದರೆ 312 ಎಸ್‌ಡಿಆರ್. ಡಬ್ಬದೊಳಗೆ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಬೆಲೆಯ ಮಾಲಿದೆ, ಅದರ ಹತ್ತಿರಕ್ಕೂ ಇದು ಬರುವುದಿಲ್ಲ.

ಹಡಗಿನಲ್ಲಿ ಜನರಲ್ ಆವರೇಜ್ ಎಂಬುದೊಂದಿದೆ. ಹಡಗನ್ನು ಅಪಾಯದಿಂದ ಉಳಿಸಲು ಆದ ಖರ್ಚನ್ನು ಸರಕಿನ ಮಾಲೀಕರೂ ಹಂಚಿಕೊಳ್ಳಬೇಕು, ನಿಮ್ಮ ಮಾಲಿಗೆ ಏನೂ ಆಗದಿದ್ದರೂ ಸಹ. 2021ರ ಮಾರ್ಚ್‌ನಲ್ಲಿ ಸೂಯೆಜ್‌ನಲ್ಲಿ ಸಿಕ್ಕಿಕೊಂಡ ಎವರ್ ಗಿವನ್ ಹಡಗಿನಲ್ಲಿ ಇದನ್ನೇ ಘೋಷಿಸಿದ್ದರು. ವಿಮೆ ಇದ್ದವರ ಪರವಾಗಿ ವಿಮಾ ಕಂಪನಿ ಗ್ಯಾರಂಟಿ ಕೊಡುತ್ತದೆ. ವಿಮೆ ಇಲ್ಲದವರು ಸಾಮಾನ್ಯವಾಗಿ ತಮ್ಮ ಕೈಯಿಂದ ಠೇವಣಿ ಇಟ್ಟೇ ಮಾಲು ಬಿಡಿಸಿಕೊಳ್ಳಬೇಕು.

ಎರಡೂ ದಾರಿಗೆ ಮಾಲಿನ ಬೆಲೆ, ಸಾಗಣೆ, ಅದರ ಮೇಲೆ ಶೇಕಡಾ 10 ಸೇರಿಸಿ ವಿಮೆ ಮಾಡಿಸಿ. ಹಡಗಿಗೆ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜ್ ಎ, ವಿಮಾನಕ್ಕೆ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜ್ (ಏರ್) ಎಂಬ ವಿಮಾ ಷರತ್ತು ಕೇಳಿ. ಹಡಗಿನ ಸಿ ಕ್ಲಾಜ್ ಅಗ್ಗ, ಆದರೆ ಕಳ್ಳತನದಂಥವಕ್ಕೆ ಅದರಲ್ಲಿ ರಕ್ಷಣೆ ಇಲ್ಲ. ಕಾಫಿ, ಮಸಾಲೆ, ಬಟ್ಟೆ ಕಳಿಸುವವರು ಕಂಟೇನರ್‌ನೊಳಗೆ ತೇವ ಹೀರುವ ಚೀಲಗಳನ್ನು ನೇತುಹಾಕಿಸಿ. ಬಿಸಿ ಬಂದರಿನಿಂದ ತಣ್ಣನೆಯ ಸಮುದ್ರಕ್ಕೆ ಹೋದಾಗ ಒಳಗಿನ ತೇವ ಚಾವಣಿಗೆ ಹತ್ತಿ ಹನಿ ಹನಿಯಾಗಿ ಮಾಲಿನ ಮೇಲೆ ಬೀಳುತ್ತದೆ.

ದುಡ್ಡು ಇನ್ನೂ ಬಂದಿಲ್ಲ ಎಂದಾದರೆ ಇದನ್ನು ಗಮನವಿಟ್ಟು ಓದಿ. ಹಡಗಿನ ಬಿಲ್ ಆಫ್ ಲೇಡಿಂಗ್ ಮಾಲಿನ ಒಡೆತನದ ಪತ್ರ. ಮೂಲ ಪ್ರತಿ ಕೊಡದೆ ಮಾಲು ಬಿಡಿಸಲಾಗದಂತೆ ಮಾಡಿಕೊಳ್ಳಬಹುದು. ವಿಮಾನದ ಸಾಗಣೆ ಪತ್ರವಾದ ಏರ್ ವೇಬಿಲ್‌ಗೆ ಆ ಶಕ್ತಿ ಇಲ್ಲ. ಅದರಲ್ಲಿ ಹೆಸರಿರುವವರು ಗುರುತು ತೋರಿಸಿ ಮಾಲು ಒಯ್ಯುತ್ತಾರೆ, ನಿಮಗೆ ದುಡ್ಡು ಬಂದಿರಲಿ ಬಿಡಲಿ. ಹೊಸ ಖರೀದಿದಾರರಿಗೆ ವಿಮಾನದಲ್ಲಿ ಕಳಿಸುವುದಾದರೆ ಮುಂಗಡ ತೆಗೆದುಕೊಳ್ಳಿ, ಇಲ್ಲವೇ ಬ್ಯಾಂಕ್ ಮೊದಲೇ ಒಪ್ಪಿದ್ದರೆ ವೇಬಿಲ್ ಅನ್ನು ಬ್ಯಾಂಕಿನ ಹೆಸರಿಗೆ ಮಾಡಿಸಿ. ಈ ಒಂದೇ ಕಾರಣಕ್ಕೆ ಹಡಗು ಆರಿಸಿದರೂ ತಪ್ಪಿಲ್ಲ.

ಅಮೆರಿಕಕ್ಕೆ ಹಡಗಿನಲ್ಲಿ ಕಳಿಸುವವರು ನೆನಪಿಡಿ: ಮಾಲು ಹಡಗಿಗೆ ಏರುವ 24 ಗಂಟೆ ಮುಂಚೆ ಅಲ್ಲಿನ ಆಮದುದಾರರು ಐಎಸ್‌ಎಫ್, ಅಂದರೆ ಅಲ್ಲಿನ ಕಸ್ಟಮ್ಸ್‌ಗೆ ಮಾಲಿನ ಬಗ್ಗೆ ಮುಂಚಿತ ಮಾಹಿತಿ ಸಲ್ಲಿಸಿರಬೇಕು. ತಪ್ಪಿದರೆ 5,000 ಡಾಲರ್‌ವರೆಗೆ ದಂಡ. ಅವರಿಗೆ ಬೇಕಾದ ವಿವರ ನಿಮ್ಮಿಂದಲೇ ಹೋಗಬೇಕು.

## ಹಂತ 10: ಎರಡನ್ನೂ ಬೆರೆಸಬಹುದೇ ನೋಡಿ

ಇಡೀ ಆರ್ಡರ್ ಒಂದೇ ದಾರಿಯಲ್ಲಿ ಹೋಗಬೇಕೆಂದಿಲ್ಲ. ಮೊದಲ ಆರ್ಡರ್‌ನಲ್ಲಿ ಅಂಗಡಿ ತುಂಬಲು ಬೇಕಾದಷ್ಟನ್ನು ವಿಮಾನದಲ್ಲಿ, ಉಳಿದದ್ದನ್ನು ಹಡಗಿನಲ್ಲಿ ಕಳಿಸಿ. ನನಗೆ ಇದು ಎಷ್ಟೋ ಸಲ ಅತ್ಯುತ್ತಮ ಉತ್ತರವಾಗಿ ಕಾಣುತ್ತದೆ, ಖರೀದಿದಾರರೂ ಖುಷಿಯಿಂದ ಒಪ್ಪುತ್ತಾರೆ. ಆದರೆ ಎರಡು ಶಿಪ್‌ಮೆಂಟ್ ಅಂದರೆ ಎರಡು ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತು ಪತ್ರ), ಎರಡು ಸಲ ಸಿಎಚ್‌ಎ ಖರ್ಚು. ಅದನ್ನು ಸೇರಿಸಿ ನೋಡಿ.

ಯುರೋಪಿಗೆ ದುಬೈವರೆಗೆ ಹಡಗು, ಅಲ್ಲಿಂದ ವಿಮಾನ ಎಂಬ ಸೀ-ಏರ್ ದಾರಿಯೂ ಇದೆ. ಫಾರ್ವರ್ಡರ್ ತಾವಾಗಿ ಹೇಳುವುದು ಕಡಿಮೆ, ನೀವೇ ಕೇಳಿ. 50, 60 ಕೆಜಿ ಸ್ಯಾಂಪಲ್ ಆದರೆ ಕೊರಿಯರ್ ದರವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

## ಹಂತ 11: ಬುಕ್ ಮಾಡಿದ ಮೇಲೆ

ಪೂರ್ತಿ ಕಂಟೇನರ್‌ಗೆ ವಿಜಿಎಂ, ಅಂದರೆ ದೃಢಪಡಿಸಿದ ಒಟ್ಟು ತೂಕ, ಕಟ್‌ಆಫ್‌ಗೆ ಮುಂಚೆ ಸಲ್ಲಿಸಬೇಕು. 2016ರ ಜುಲೈ 1ರಿಂದ ಇದಿಲ್ಲದ ಕಂಟೇನರ್ ಹಡಗಿಗೆ ಏರುವುದಿಲ್ಲ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್ ಮೂರರಲ್ಲೂ ಡಬ್ಬದ ಸಂಖ್ಯೆ, ತೂಕ ಒಂದೇ ಇರಲಿ.

ಡ್ರಾಫ್ಟ್ ಬಿಲ್ ಆಫ್ ಲೇಡಿಂಗ್ ಬಂದ ತಕ್ಷಣ ಅಕ್ಷರ ಅಕ್ಷರ ಓದಿ. ಹಡಗು ಹೊರಟ ಮೇಲೆ ತಿದ್ದುಪಡಿಗೆ ದುಡ್ಡು ಕಟ್ಟಬೇಕು. ಕೊಲ್ಲಿ ದೇಶಗಳಿಗೆ ಹಡಗು ಬೇಗ ತಲುಪುತ್ತದೆ, ಮೂಲ ಪ್ರತಿ ಕೊರಿಯರ್‌ನಲ್ಲಿ ಹೋಗುವಷ್ಟರಲ್ಲಿ ಮಾಲು ಅಲ್ಲಿ ಬಾಡಿಗೆ ತಿನ್ನುತ್ತಿರುತ್ತದೆ. ಹಣ ಬಂದಿದ್ದರೆ ಟೆಲೆಕ್ಸ್ ರಿಲೀಸ್, ಅಂದರೆ ಆ ಕಡೆ ಮೂಲ ಪ್ರತಿ ತೋರಿಸದೆಯೇ ಮಾಲು ಬಿಡುವ ಏರ್ಪಾಡು ಕೇಳಿ.

ಏರ್ ಟರ್ಮಿನಲ್‌ನಲ್ಲಿ ಮತ್ತೆ ತೂಗಿ, ಅಳೆದು ನಿಮ್ಮ ಲೆಕ್ಕಕ್ಕಿಂತ ಜಾಸ್ತಿ ತೋರಿಸಿದರೆ ಸುಮ್ಮನೆ ಕಟ್ಟಬೇಡಿ. ಲಾರಿಗೆ ಹಾಕುವ ಮುಂಚೆ ಪ್ರತಿ ಡಬ್ಬದ ಪಕ್ಕ ಟೇಪ್ ಹಿಡಿದ ಫೋಟೊ, ತಕ್ಕಡಿಯ ಅಂಕಿ ಕಾಣುವ ಫೋಟೊ ತೆಗೆದಿಟ್ಟಿದ್ದರೆ ಫಾರ್ವರ್ಡರ್ ಮೂಲಕ ಆಗಲೇ ಮರು ಅಳತೆ ಕೇಳಬಹುದು. ವಿಮಾನ ಹೊರಟ ಮೇಲೆ ಅಳೆಯಲು ಅಲ್ಲಿ ಡಬ್ಬವೇ ಇರುವುದಿಲ್ಲ.

ಮಾಲು ತಲುಪಿ ಎಲ್ಲ ಬಿಲ್ ಬಂದ ಮೇಲೆ ಅದೇ ಶೀಟ್‌ನಲ್ಲಿ ಕೊಟೇಶನ್ ಪಕ್ಕ ನಿಜವಾದ ಮೊತ್ತ, ಹೇಳಿದ ದಿನದ ಪಕ್ಕ ನಿಜವಾದ ದಿನ ತುಂಬಿ. ಆ ಕಡೆಯ ಖರ್ಚಿನ ಬಿಲ್‌ನ ಪ್ರತಿಯನ್ನು ಖರೀದಿದಾರರಿಂದ ಕೇಳಿ ಪಡೆಯಿರಿ, ಕೊಟೇಶನ್‌ಗಿಂತ ಜಾಸ್ತಿ ವ್ಯತ್ಯಾಸ ಸಿಗುವುದು ಸಾಮಾನ್ಯವಾಗಿ ಅದರಲ್ಲೇ. ಮುಂದಿನ ಸಲ ದರ ಕೇಳುವಾಗ ಆ ಬಿಲ್ಲನ್ನೇ ಫಾರ್ವರ್ಡರ್‌ಗೆ ಕಳಿಸಿ, ಇದರಲ್ಲಿರುವ ಪ್ರತಿ ಸಾಲಿಗೂ ನಿಮ್ಮ ದರ ಬರೆಯಿರಿ ಎಂದು ಹೇಳಿ.